ಶರಣಪ್ಪನ ಒದೆ

ತಲೆನೋವೆಂದು ಹೋದ ನನ್ನ ಬಿಪಿ ನೋಡಿ, ಗಾಬರಿಯಾಗಿ ಸ್ಕ್ಯಾನ್ ಮಾಡಿಸಿದ ಡಾಕ್ಟರು ಮರಾಠಿಯಲ್ಲಿ ಮೆಲ್ಲಗೆ ಕೇಳಿದರು: “ನಿಮ್ಮನ್ನು ಯಾರಾದರೂ ಹೊಡೆದರೇ?”

ನಾನು ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದಂಗಡಿಯ ಗುಮಾಸ್ತ. ನನ್ನನ್ನು ಯಾರು ಹೊಡೆಯುತ್ತಾರೆ? ಇಲ್ಲ ಎಂದೆ. ಅವರು ಚಿತ್ರ ತೋರಿಸಿದರು. ಎಡಗಡೆಯ ಕಿಡ್ನಿಗೆ ಪೆಟ್ಟು ಬಿದ್ದು, ಸುತ್ತ ರಕ್ತ ತುಂಬಿ ಅದನ್ನು ಹಿಂಡುತ್ತಿದೆಯಂತೆ. ತನಗೆ ರಕ್ತ ಸಾಲದೆಂದುಕೊಂಡ ಕಿಡ್ನಿ ಇಡೀ ಮೈಯ ಬಿಪಿ ಏರಿಸಿದೆಯಂತೆ. ಆಗ ನೆನಪಾಯಿತು.

“ಹೊಡೆದಿಲ್ಲ ಡಾಕ್ಟರ್, ಒದ್ದಿದ್ದಾನೆ. ನಾನೇ ಒದೆಸಿಕೊಂಡೆ.”

ಕೆಲವು ವಾರಗಳ ಹಿಂದೆ ಸೊಂಟ ಉಳುಕಿತ್ತು. ಹುಟ್ಟುವಾಗ ಕಾಲು ಮುಂದಾಗಿ ಬಂದವರು ಒದ್ದರೆ ಉಳುಕು ಹೋಗುತ್ತದೆಂಬ ನಂಬಿಕೆ ನಮ್ಮಲ್ಲೂ ಇದೆ, ಮರಾಠಿಗರಲ್ಲೂ ಇದೆ. ಅಂಗಡಿಯಲ್ಲಿ ಮೂಟೆ ಹೊರುವ ಹಮಾಲ ಶರಣಪ್ಪ ಹಾಗೆ ಹುಟ್ಟಿದವನು. “ಸುಮ್ನ ಕಾಲು ಮುಟ್ಟಸ್ತೀನ್ರಿ, ಸಾಕು” ಅಂದಿದ್ದ. “ಜೋರಾಗಿ ಒದಿಯೋ ಮಾರಾಯಾ, ನಾಚಬ್ಯಾಡ” ಅಂದವನು ನಾನೇ.

ಡಾಕ್ಟರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಅವತ್ತೇ ಆಸ್ಪತ್ರೆಗೆ ಸೇರಿಸಿ, ಸೂಜಿ ಹಾಕಿ ಆ ರಕ್ತ ತೆಗೆದರು. ಬಿಪಿಗೆ ಮಾತ್ರೆ ಶುರುವಾಯಿತು.

ನೋಡಲು ಬಂದ ಶರಣಪ್ಪ ವಿಷಯ ಕೇಳಿ ಬೆವರಿಹೋದ. “ತಪ್ಪಾತ್ರಿ ಸಾಹೇಬ್ರ” ಎಂದು ಕೈಮುಗಿದ. ಆಮೇಲೆ ತಡೆಯಲಾರದೆ ಕೇಳಿದ: “ಮತ್ತ ಉಳುಕು ಹೋತೋ ಇಲ್ಲೋ?”

ಬಾಗಿಲಲ್ಲಿ, ಅಷ್ಟಿಷ್ಟು ಕನ್ನಡ ಬಲ್ಲ ಡಾಕ್ಟರು ನಿಂತಿದ್ದರು. ಅವರೆದುರು ನಿಜ ಹೇಳುವ ಧೈರ್ಯವಾಗಲಿಲ್ಲ. ಒದ್ದ ದಿನವೇ ಉಳುಕು ಹೋಗಿತ್ತು.