ಟೈ-ಬ್ರೇಕರ್ ಮುಗಿಯುವವರೆಗೆ

ಪಕ್ಕದ ಮನೆಯಲ್ಲಿ ಮಗುವಿಗೆ ಎಣ್ಣೆ ಹಚ್ಚಲೆಂದು ಹರಳೆಣ್ಣೆ ಬಿಸಿ ಮಾಡುತ್ತಿದ್ದರು. ಆ ಮಂದ ವಾಸನೆ ಕಿಟಕಿಯಿಂದ ಒಳಗೆ ಬಂದಾಗ ನಾನು ಕೈಲಿದ್ದ ಕೆಲಸ ಬಿಟ್ಟು ಸುಮ್ಮನೆ ನಿಂತೆ. ನಿಮಗೂ ಹೀಗೆ ಆಗಿರಬಹುದು. ಮನೆಯೇ ಇಲ್ಲವಾದ ಮೇಲೂ ಅದರ ವಾಸನೆ ಎಲ್ಲಿಂದಲೋ ಹುಡುಕಿಕೊಂಡು ಬರುತ್ತದೆ. ದೇವನಹಳ್ಳಿ ಹತ್ತಿರದ ನಮ್ಮ ಹೆಂಚಿನ ಮನೆಯಲ್ಲಿ ಸಂಜೆಯಾದರೆ ಇದೇ ವಾಸನೆ. ಒಲೆಯ ಪಕ್ಕ ಕೂತು ಅಜ್ಜಿ ನಾಗೇಶ ಚಿಕ್ಕಪ್ಪನ ಮೊಣಕಾಲು ನೀವುತ್ತಿದ್ದಳು. ಚಿಕ್ಕಪ್ಪ ಆಗ ಡಿಗ್ರಿ ಓದುತ್ತಿದ್ದ. ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಗೋಲ್‌ಕೀಪರ್. ಮೈದಾನದಿಂದ ಬಂದರೆ ಮೈಯೆಲ್ಲ ಕೆಮ್ಮಣ್ಣು, ಮಂಡಿಯೆಲ್ಲ ತರಚು. ಅಜ್ಜಿ ಒಂದು ಆಟವನ್ನೂ ನೋಡಿದವಳಲ್ಲ. "ಮಿಕ್ಕೋರೆಲ್ಲ ಕಾಲಲ್ಲಿ ಆಡ್ತಾರಂತೆ, ನೀನೊಬ್ನೇ ಯಾಕ್ಲಾ ಬಿದ್ದೂ ಬಿದ್ದೂ ಕೈಲಿ ಹಿಡೀತೀಯ?" ಅನ್ನುವಳು. ಆದರೂ ಗೆದ್ದನೋ ಸೋತನೋ ಅಂತ ತಿಳಿಯುವವರೆಗೂ ಊಟಕ್ಕೆ ಕೂರುತ್ತಿರಲಿಲ್ಲ.

ಅಂತರ ಕಾಲೇಜು ಫೈನಲ್ ದೊಡ್ಡಬಳ್ಳಾಪುರದಲ್ಲಿತ್ತು. ಅವರ ಕಾಲೇಜು ಅಲ್ಲಿವರೆಗೆ ಬಂದದ್ದೇ ಮೊದಲು. ಆ ಬೆಳಿಗ್ಗೆ ಅಜ್ಜಿ ಎದೆ ಭಾರವೆಂದು ಮಲಗಿದ್ದಳು. ಅಮ್ಮ ಅವಳ ಜೊತೆ ಉಳಿದಳು. "ನೀವು ಹೊರಡ್ರಪ್ಪ, ನಂಗೇನಾಗಿದೆ?" ಎಂದು ಅಜ್ಜಿಯೇ ಗದರಿ ಕಳಿಸಿದ ಮೇಲೆ ಅಪ್ಪ ನನ್ನನ್ನೂ ಪಕ್ಕದ ಹೊಲದ ಮುನಿರಾಜಣ್ಣನನ್ನೂ ವ್ಯಾನಿನಲ್ಲಿ ಕೂರಿಸಿಕೊಂಡು ಹೊರಟರು. ಅಪ್ಪ ಚಿಕ್ಕಪ್ಪನಿಗಿಂತ ಬಹಳ ದೊಡ್ಡವರು. ತಾತ ಹೋದ ಮೇಲೆ ತಮ್ಮನನ್ನು ಬೆಳೆಸಿದವರು ಅವರೇ.

ಮೈದಾನದ ಸುತ್ತ ಧೂಳು, ಕೂಗು, ಕಡಲೆಕಾಯಿ ಸಿಪ್ಪೆ. ಮೊದಲು ಎದುರಾಳಿಗಳು ಗೋಲು ಹೊಡೆದರು. ನಮ್ಮವರು ತಿರುಗಿಸಿ ಒಂದು ಹೊಡೆದರು. ಆಮೇಲೆ ಚೆಂಡು ಆ ಕಡೆಯಿಂದ ಈ ಕಡೆಗೆ ಓಡುತ್ತಲೇ ಇತ್ತು, ಯಾರೂ ಬಗ್ಗಲಿಲ್ಲ. ಆಟ ಇನ್ನೇನು ಮುಗಿಯಬೇಕು ಅನ್ನುವಾಗ ಅಪ್ಪನಿಗೆ ಮನೆಯಿಂದ ಫೋನು ಬಂತು. ಬೇವಿನ ಮರದ ತನಕ ನಡೆದುಹೋಗಿ ಮಾತಾಡಿ ಬಂದರು. ಬಂದು ಮುನಿರಾಜಣ್ಣನ ಪಕ್ಕ ಕೂತರು.

"ಅವ್ವ ಹೋದ್ರು ಕಣಣ್ಣ."

ಮುನಿರಾಜಣ್ಣ ಎದ್ದುಬಿಟ್ಟ. "ನಾಗೇಶನ್ನ ಕರೀಲಾ?"

"ಬೇಡ. ಈಗ ಕರ್ಕೊಂಡ್ ಹೋದ್ರೂ ಅವ್ವ ಎದ್ದು ಕೂರಲ್ಲ. ಆಟ ಮುಗೀಲಿ."

ನಾನು ಕೇಳಿಸಿಕೊಂಡೆ. ಅಳು ಬರಲಿಲ್ಲ. ಬರಬೇಕಿತ್ತು ಎಂದು ಮಾತ್ರ ಗೊತ್ತಾಗುತ್ತಿತ್ತು. ಅಪ್ಪ ನನ್ನ ತಲೆ ಮೇಲೆ ಕೈಯಿಟ್ಟರು, ಆ ಕೈ ಅಲ್ಲೇ ಇತ್ತು. ಸುತ್ತಲಿನ ಕೂಗು ಬಾವಿಯೊಳಗಿಂದ ಬಂದಂತೆ ಕೇಳುತ್ತಿತ್ತು. ಆಟ ಸಮವಾಗಿ, ಟೈ-ಬ್ರೇಕರ್ ಎಂದರು. ಒಬ್ಬೊಬ್ಬರಾಗಿ ಬಂದು ಒದ್ದರು. ನಮ್ಮವರು ಒಂದು ಗೋಲು ಮುಂದಿದ್ದರು. ಅವರದು ಕೊನೆಯ ಒದೆತ. ಒದೆಯುವವನು ಎತ್ತರದ ಹುಡುಗ, ಎರಡು ಸಲ ಅಂಗೈ ಒರೆಸಿಕೊಂಡ. ಚಿಕ್ಕಪ್ಪ ಎಡಕ್ಕೆ, ನಾವು ಕೂತಿದ್ದ ಕಡೆಗೆ ಹಾರಿದ. ಚೆಂಡು ಅವನ ಬೆರಳಿಗೆ ತಾಗಿ ಕಂಬದ ಹೊರಗೆ ಹೋಯಿತು.

ಹುಡುಗರು ಅವನನ್ನು ಹೆಗಲ ಮೇಲೆ ಹೊತ್ತುಕೊಂಡು ನಮ್ಮ ಮುಂದೆಯೇ ಬಂದರು. ಅವನು ಮೇಲಿನಿಂದ ಕೂಗಿದ: "ಅಣ್ಣಾ, ಅವ್ವಂಗೆ ಫೋನ್ ಮಾಡು! ಊಟ ಮಾಡು ಅನ್ನು!"

ಅಪ್ಪ ಕೈ ಎತ್ತಿದರು. ನಕ್ಕರೋ ಏನೋ. "ಮನೇಗೆ ಹೋಗಿ ಹೇಳೋಣ, ಬಾರೋ" ಅಂದರು.

ದಾರಿಯುದ್ದಕ್ಕೂ ಚಿಕ್ಕಪ್ಪ ಒಬ್ಬನೇ ಮಾತಾಡಿದ. ಊರಿನ ತಿರುವಿನಲ್ಲಿ ನಮ್ಮ ಮನೆಯ ಮುಂದೆ ಬೆಂಕಿ ಹಾಕಿದ್ದು, ಜನ ನಿಂತಿದ್ದು ಕಂಡಿತು. ಅವನ ಮಾತು ಅರ್ಧಕ್ಕೇ ನಿಂತಿತು.

"ಯಾವಾಗ?"

ಅಪ್ಪ ವ್ಯಾನು ನಿಲ್ಲಿಸಿದರು. "ಟೈ-ಬ್ರೇಕರ್‌ಗೆ ಮುಂಚೆ."

ಚಿಕ್ಕಪ್ಪ ಇಳಿದು, ಬೂಟು ಬಿಚ್ಚದೆ ಜಗಲಿ ಹತ್ತಿ, ಅಜ್ಜಿಯ ಪಾದ ಹಿಡಿದುಕೊಂಡು ಕೂತ. ಅವಳ ಕಾಲಿಗೆಲ್ಲ ಮೈದಾನದ ಮಣ್ಣಾಯಿತು. ಯಾರೂ ಒರೆಸಲಿಲ್ಲ.

ತಿಥಿ ಮುಗಿದ ದಿನ ಅವನು ಅಪ್ಪನ ಬಳಿ ಬಂದು, "ನಾನಾಗಿದ್ರೂ ಹೇಳ್ತಿರ್ಲಿಲ್ಲ ಅಣ್ಣ" ಅಂದ. ಅಪ್ಪ ತಲೆಯಾಡಿಸಿದರು. ಆದರೆ ಅವನು ಯೂನಿವರ್ಸಿಟಿ ತಂಡದಲ್ಲಿ ಆಡಿದ ಯಾವ ಆಟಕ್ಕೂ ಅಪ್ಪ ಹೋಗಲಿಲ್ಲ. ಪ್ರತಿಸಲವೂ ದ್ರಾಕ್ಷಿ ತೋಟದಲ್ಲಿ ಏನಾದರೊಂದು ಕೆಲಸ ಇರುತ್ತಿತ್ತು. ರಸ್ತೆ ಅಗಲ ಮಾಡುವಾಗ ಮನೆ ಹೋಯಿತು. ಕೆಲವು ವರ್ಷಕ್ಕೆ ಅಪ್ಪನೂ ಹೋದರು. ಆಗಲೂ ನನಗೆ ಅಳು ತಡವಾಗಿಯೇ ಬಂತು.

ಹೋದ ತಿಂಗಳು ಚಿಕ್ಕಪ್ಪ ನಮ್ಮನೆಗೆ ಬಂದಿದ್ದ. ಈಗ ಶಾಲೆಯೊಂದರಲ್ಲಿ ಪಿ.ಟಿ. ಮೇಷ್ಟ್ರು, ಕೂದಲು ನೆರೆತಿದೆ. ಕಾಫಿ ಕುಡಿಯುತ್ತಾ, ಕೇಳದೆಯೇ ಹೇಳಿದ: "ಆ ಕೊನೇ ಚೆಂಡು ಹೆಂಗ್ ತಡ್ದೆ ಅಂತಾನೇ ಜ್ಞಾಪಕ ಇಲ್ಲ ಕಣಮ್ಮ. ಯಾವ ಕಡೆ ಹಾರಿದ್ದೆ ಅಂತಾನೂ ಇಲ್ಲ. ಅಣ್ಣನ್ನ ಕೇಳ್ಬೇಕು ಅಂತಿದ್ದೆ. ಕೇಳ್ಲೇ ಇಲ್ಲ."

"ಎಡಕ್ಕೆ ಚಿಕ್ಕಪ್ಪ," ಅಂದೆ. "ನಾವು ಕೂತಿದ್ದ ಕಡೆಗೆ."

"ಹೌದಾ?" ಅಂದು, ಅವನು ಲೋಟವನ್ನು ಮೆಲ್ಲಗೆ ಕೆಳಗಿಟ್ಟ.