ಗೊದಮೊಟ್ಟೆ ಎಂಬ ಅಡ್ಡಹೆಸರು

ನಮ್ಮೂರ ಕನ್ನಡ ಶಾಲೆಗೆ ದೊಡ್ಡ ಟಿವಿ ಬಂದ ಹೊಸತು. ಆಂಧ್ರದ ಗಡಿಯ ಪೆದ್ದಕಡುಬೂರಿನ ಸುತ್ತಮುತ್ತ ಆಗ ಹತ್ತಿ ಬಿಡಿಸುವ ಕಾಲ. ಅರ್ಧ ಮಕ್ಕಳು ಹೊಲಕ್ಕೆ ಹೋಗುತ್ತಿದ್ದರು. ಉಳಿದ ನಾವು ಉಗ್ಗಾಣಿ-ಮಿರ್ಚಿ ತಿಂದ ಎಣ್ಣೆಗೈಯನ್ನು ಲಂಗಕ್ಕೆ ಒರೆಸಿಕೊಂಡು ಟಿವಿ ಮುಂದೆ ಕೂರುತ್ತಿದ್ದೆವು.

ಏಳನೇ ತರಗತಿಯಲ್ಲಿ ನಾನು ಓದಿನಲ್ಲಿ ಮುಂದು, ನಾಗವೇಣಿ ಆಟದಲ್ಲಿ. ಹುಟ್ಟಿನಿಂದಲೇ ಆಕೆಯ ಬಲಗೈ ಮೊಣಕೈವರೆಗಷ್ಟೇ ಇತ್ತು. ಆದರೂ ಕುಂಟಾಟದಲ್ಲಿ ನನ್ನನ್ನು ದಿನಾ ಸೋಲಿಸಿ, ಎಲ್ಲರಿಗೂ ಕೇಳುವಂತೆ ನಗುತ್ತಿದ್ದಳು. ಆ ನಗು ಕಂಡರೆ ನನಗೆ ಆಗುತ್ತಿರಲಿಲ್ಲ.

ಒಂದು ದಿನ ವಿಜ್ಞಾನದ ಮೇಷ್ಟ್ರು ಟಿವಿಯಲ್ಲಿ ಒಂದು ಪ್ರಾಣಿ ತೋರಿಸಿದರು. ಹಾವುಮೀನಿನಂಥ ಉದ್ದ ಮೈ, ಅಗಲ ಬಾಯಿ, ಚೂಪು ಹಲ್ಲು. ಮುಂಗಾಲು ಮಾತ್ರ ಇದ್ದೂ ಇಲ್ಲದಷ್ಟು.

"ಇದು ಕ್ರಾಸಿಗೈರಿನಸ್. ಅಂದ್ರ ದಪ್ಪ ಗೊದಮೊಟ್ಟೆ. ಡೈನೋಸಾರಿಗಿಂತ ಎಷ್ಟೋ ಮುಂಚೆ ನೀರಾಗ ಇತ್ತು. ಮೀನು ಕಂಡ್ರ ಬಿಡ್ತಿರಲಿಲ್ಲ."

ನಾನು ಎದ್ದು ನಿಂತೆ. "ಸಾರ್, ಅದು ನಮ್ ಕ್ಲಾಸಿನಾಗ ಇನ್ನೂ ಐತಿ. ಸಣ್ಣ ಕೈ, ದೊಡ್ಡ ಬಾಯಿ."

ಎಲ್ಲರೂ ತಿರುಗಿ ನಾಗವೇಣಿಯನ್ನು ನೋಡಿ ನಕ್ಕರು. ಮೇಷ್ಟ್ರು ಗದರಿದರೂ ನಗು ನಿಲ್ಲಲಿಲ್ಲ. ಮರುದಿನದಿಂದ ಆಕೆಯನ್ನು ಯಾರೂ ಹೆಸರು ಹಿಡಿದು ಕರೆಯಲಿಲ್ಲ. "ಗೊದಮೊಟ್ಟೆ ಬಂತು, ಓಡ್ರಿ!"

ವಾರದ ಮೇಲೆ ನೀರಿನ ಬೋರಿಂಗಿನ ಹತ್ತಿರ ಆಕೆ ನನ್ನ ಜಡೆ ಹಿಡಿದಳು. "ಇನ್ನೊಮ್ಮೆ ಅನ್ನು ನೋಡೋಣ."

"ಗೊದಮೊಟ್ಟೆ."

ನನ್ನ ಮುಂಗೈ ಕಚ್ಚಿದಳು. ರಕ್ತ ಬಂತು.

ಅವ್ವ ಶಾಲೆಗೆ ಬಂದು ಕೂಗಾಡಿದಳು. "ಸುಮ್ಮಸುಮ್ನೆ ಕಚ್ಚಿದ್ಲು," ಎಂದೆ ನಾನು. ಅಡ್ಡಹೆಸರಿನ ಮಾತೆತ್ತಲಿಲ್ಲ. ನಾಗವೇಣಿಯ ತಾಯಿಯನ್ನೂ ಕರೆಸಿದರು. ಆಕೆ ಎಲ್ಲರ ಎದುರೇ ಮಗಳ ಕೆನ್ನೆಗೆ ಬಾರಿಸಿದಳು.

"ಯಾಕ ಕಚ್ಚಿದಿ? ಹೇಳವಾ!"

ನಾಗವೇಣಿ ನನ್ನನ್ನೇ ನೋಡುತ್ತ ನಿಂತಳು. ನಾನು ಆಗಲೂ ಹೇಳಬಹುದಿತ್ತು. ಹೇಳಲಿಲ್ಲ. ಕೆಲವೇ ದಿನಗಳಲ್ಲಿ ಆಕೆಯನ್ನು ಮಾಧವರಂನ ಅಜ್ಜಿ ಮನೆಗೆ ಕಳಿಸಿ, ಅಲ್ಲೇ ತೆಲುಗು ಶಾಲೆಗೆ ಹಾಕಿದರು.

ಹೋದ ವರ್ಷ ಆದೋನಿ ಬಸ್ ಸ್ಟ್ಯಾಂಡಿನಲ್ಲಿ ಕಂಡಳು, ಸೊಂಟದ ಮೇಲೆ ಮಗು. ಹತ್ತಿರ ಹೋದೆ.

"ನಾಗವೇಣಿ, ನಾನು ಸುಜಾತ. ಅವತ್ತು ತಪ್ಪೆಲ್ಲಾ ನಂದ ಇತ್ತು."

ಗುರುತು ಹತ್ತಿದ್ದು ಕಣ್ಣಲ್ಲೇ ಕಂಡಿತು. ಆದರೆ ಆಕೆ, ಪರವೂರಿನವರನ್ನು ಕೇಳುವ ಹಾಗೆ, ತೆಲುಗಿನಲ್ಲಿ ಕೇಳಿದಳು: "ಮೀರೆವರಂಡಿ?" ನೀವು ಯಾರು, ಅಂತ. ಬಸ್ ಬಂತು, ಹತ್ತಿ ಹೋದಳು.

ಬೈದಿದ್ದರೆ ನಿಂತು ಕೇಳುತ್ತಿದ್ದೆ. ಆ ದಿನಗಳನ್ನು ನೆನೆಯುವಾಗ ಜೊತೆಗೆ ಬೇಕೆನಿಸುವವಳು ಆಕೆಯೊಬ್ಬಳೇ. ಆಕೆಗೆ ನಾನು ಬೇಡ.