ರದ್ದಿಗೆ ಹೋದ ಡ್ರಾಯಿಂಗ್‌ಗಳು

ಯಾರಾದರೂ ಇಂಥ ಕಥೆ ಹೇಳಿದರೆ ಒಳಗೊಳಗೇ ನಗುತ್ತಿದ್ದವಳು ನಾನು. ಗೋಡೆ, ಕಿಟಕಿ, ಮೆಟ್ಟಿಲುಗಳನ್ನು ಅಳೆದು ಬರೆಯಲು ಕಲಿಸುವವಳಿಗೆ ಅಳತೆಗೆ ಸಿಗದ್ದರ ಮೇಲೆ ನಂಬಿಕೆ ಎಲ್ಲಿಂದ ಬರಬೇಕು? ಇಂಥವೆಲ್ಲ ಆಗುವುದು ರಾತ್ರಿ ಹೊತ್ತು ಎಂದು ಬೇರೆ ಕೇಳಿದ್ದೆ. ನನಗೆ ಆದದ್ದು ಬೆಳಿಗ್ಗೆ ಎಂಟೂವರೆಗೆ, ಮಲ್ಲೇಶ್ವರದಲ್ಲಿ, ಕಾಫಿ ಕುಡಿದ ಮೇಲೆ.

ನಮ್ಮ ವಿಶ್ವವಿದ್ಯಾಲಯದ ಆರ್ಕಿಟೆಕ್ಚರ್ ವಿಭಾಗಕ್ಕೆ ಕೆಲವು ವರ್ಷಗಳಿಗೊಮ್ಮೆ ಮಾನ್ಯತೆಯ ಪರಿಶೀಲನೆಗೆ ತಂಡ ಬರುತ್ತದೆ. ಮಾನ್ಯತೆ ಹೋದರೆ ಮಕ್ಕಳ ಕೈಯಲ್ಲಿ ಪದವಿ ಇದ್ದರೂ ಆರ್ಕಿಟೆಕ್ಟ್ ಎಂದು ಬೋರ್ಡ್ ಹಾಕಿಕೊಳ್ಳುವಂತಿಲ್ಲ. ತಂಡದವರು ತರಗತಿಯ ಅತ್ಯುತ್ತಮ ಡ್ರಾಯಿಂಗ್ ಜೊತೆಗೆ ಕಷ್ಟಪಟ್ಟು ಪಾಸಾದದ್ದನ್ನೂ ಕೇಳುತ್ತಾರೆ. ನಾವು ಎಂಥದ್ದಕ್ಕೆ ಪಾಸು ಕೊಡುತ್ತೇವೆ ಎಂದು ತಿಳಿಯುವುದು ಅದರಲ್ಲೇ. ನಾನೋ, ಚೆನ್ನಾಗಿದ್ದದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಪ್ರತಿ ವರ್ಷ ರದ್ದಿಗೆ ಹಾಕುತ್ತಿದ್ದೆ. ನನ್ನ ತರಗತಿಯ ಕೆಲಸ ಕಳಪೆಯಾಗಿ ಕಾಣಬಾರದೆಂಬ ಜಂಬ. ಹಿಂದಿನ ಸಲ ತಂಡ ನನ್ನ ಕಪಾಟನ್ನು ನೋಡಿರಲಿಲ್ಲ, ಬಚಾವಾಗಿದ್ದೆ.

ಸ್ಟುಡಿಯೊ ಅಟೆಂಡರ್ ಮುನಿಯಪ್ಪನವರಿಗೆ ಇದು ಹಿಡಿಸುತ್ತಿರಲಿಲ್ಲ. "ಇಟ್ಕೊಳ್ಳಿ ಮೇಡಂ, ಅವೂ ನಿದ್ದೆಗೆಟ್ಟು ಬರ್ದಿರೋವೇ" ಎನ್ನುತ್ತಿದ್ದರು. ಶ್ರೀರಾಂಪುರದವರು. ಅವರ ತಂದೆ ಬಿನ್ನಿಪೇಟೆಯ ಗಿರಣಿಯೊಂದರಲ್ಲಿ ಬಟ್ಟೆಯ ದೊಡ್ಡ ಮೂಟೆಗಳನ್ನು ಕಟ್ಟುತ್ತಿದ್ದರಂತೆ. ತಂದೆ ಕಲಿಸಿದ ಗಂಟನ್ನೇ ಇವರು ಡ್ರಾಯಿಂಗ್ ಸುರುಳಿಗಳಿಗೆ ಹಾಕುತ್ತಿದ್ದರು. ದಾರದ ತುದಿ ಎಲ್ಲಿ ಅಡಗಿದೆ ಎಂದು ನಮಗೆ ಕಾಣುತ್ತಲೇ ಇರಲಿಲ್ಲ. ಅವರು ಮಾತ್ರ ಒಂದೇ ಎಳೆತಕ್ಕೆ ಬಿಚ್ಚುತ್ತಿದ್ದರು. ನಿವೃತ್ತರಾದ ಕೆಲವೇ ತಿಂಗಳಿಗೆ ತೀರಿಕೊಂಡರು.

ಅದಾಗಿ ಎರಡು ವರ್ಷಕ್ಕೆ ಮತ್ತೆ ತಂಡ ಬಂತು. ಈ ಸಲ ಅವರು ನೋಡಬೇಕಿದ್ದ ಪಟ್ಟಿಯಲ್ಲಿ ನನ್ನ ತರಗತಿಯೂ ಇತ್ತು. ಹಿಂದಿನ ಸಂಜೆ ವಿಭಾಗದ ಮುಖ್ಯಸ್ಥರ ಬಳಿ ಹೋಗಿ ತಪ್ಪು ಒಪ್ಪಿಕೊಂಡೆ. ಅವರು ಬೈಯಲಿಲ್ಲ. "ನಾಳೆ ಕೇಳಿದ್ರೆ ನೀವೇ ಉತ್ತರ ಕೊಡ್ಬೇಕಾಗತ್ತೆ. ಮಕ್ಕಳಿಗೂ ನೀವೇ" ಎಂದರು. ಕಪಾಟಿಗೆ ಬೀಗ ಹಾಕಿ ಮನೆಗೆ ಹೋದೆ. ಊಟ ಸೇರಲಿಲ್ಲ.

ಬೆಳಿಗ್ಗೆ ಬೀಗ ತೆಗೆದರೆ, ಖಾಲಿ ಇದ್ದ ಕೆಳಗಿನ ಖಾನೆಯಲ್ಲಿ ಒಂದು ಸುರುಳಿ. ದಾರ ಕಟ್ಟಿತ್ತು. ತುದಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಕೊನೆಗೆ ಬ್ಲೇಡಿನಿಂದ ಕೊಯ್ದೆ. ಒಳಗಿದ್ದವು ಹಿಂದಿನ ವರ್ಷ ನಾನು ರದ್ದಿಗೆ ಕೊಟ್ಟ ಹಾಳೆಗಳು. ನನ್ನದೇ ಕೆಂಪು ಶಾಯಿಯ ಅಂಕ, ನನ್ನದೇ ಸಹಿ. ಮಕ್ಕಳು ಅವನ್ನು ಬರೆಯುವ ಹೊತ್ತಿಗೆ ಮುನಿಯಪ್ಪನವರು ಇರಲೇ ಇಲ್ಲ.

ತಂಡದ ಹಿರಿಯರು ಆ ಹಾಳೆಗಳನ್ನೇ ಬಹಳ ಹೊತ್ತು ನೋಡಿದರು. "ಪಾಸು ಸರಿಯಾಗೇ ಕೊಟ್ಟಿದೀರಿ" ಎಂದರು. ಮಾನ್ಯತೆ ಉಳಿಯಿತು.

ಕಪಾಟಿನ ಇನ್ನೊಂದು ಬೀಗದ ಕೈ ಮುಖ್ಯಸ್ಥರ ಮೇಜಿನಲ್ಲಿತ್ತು. ತಾವು ಮುಟ್ಟಿಲ್ಲ ಎಂದರು. ಸಹೋದ್ಯೋಗಿಗಳನ್ನೆಲ್ಲ ಕೇಳಿದೆ. ಶ್ರೀರಾಂಪುರಕ್ಕೂ ಹೋಗಿ ಬಂದೆ. ಆ ಗಂಟು ಮುನಿಯಪ್ಪನವರ ಮಗನಿಗೂ ಬರುವುದಿಲ್ಲವಂತೆ.

ಮುಂದಿನ ವಾರ, ಹಿಂದಿನ ವರ್ಷ ನನ್ನ ತರಗತಿಯಲ್ಲಿದ್ದ ಕಾವ್ಯ ಸ್ಟುಡಿಯೊಗೆ ಬಂದಳು. ಸುರುಳಿಯ ಮೇಲಿನ ಹಾಳೆ ಅವಳದು. "ನನ್ನ ಶೀಟ್ ತೋರಿಸಿದ್ರಂತೆ ಮೇಡಂ? ಹೋದ್ವರ್ಷ ಸಂಪಿಗೆ ರಸ್ತೇಲಿ ರದ್ದಿ ಗಾಡಿ ಮೇಲೆ ಅದನ್ನ ನೋಡಿದ್ದೆ. ಮನೇಲಿ ತುಂಬಾ ಅತ್ತಿದ್ದೆ. ಆಮೇಲೆ ನೀವೇ ವಾಪಸ್ ತಂದು ಇಟ್ಕೊಂಡ್ರಾ?" ಎಂದು ಕೇಳಿದಳು. ಅವಳ ಮುಖ ಅರಳಿತ್ತು. ಹೂಂ ಎಂದುಬಿಟ್ಟೆ.

ಈಗ ಎಲ್ಲರ ಹಾಳೆಯನ್ನೂ ಇಟ್ಟುಕೊಳ್ಳುತ್ತೇನೆ. ನಾನೇ ದಾರ ಕಟ್ಟುತ್ತೇನೆ, ಎರಡು ದಿನಕ್ಕೆ ಸಡಿಲವಾಗುತ್ತದೆ. ಅಂದು ಆ ಸುರುಳಿಯನ್ನು ತಂದಿಟ್ಟವರು ಯಾರೋ ಇಂದಿಗೂ ತಿಳಿಯದು. ನಾನಲ್ಲ ಎಂಬುದೊಂದು ಗೊತ್ತು. ಅದನ್ನು ಕಾವ್ಯಳಿಗೆ ಇನ್ನೂ ಹೇಳಿಲ್ಲ.